ಗುಳಿಗೆ ಹೆಚ್ಚಾದ ದಿನಗಳು

ಗಂಡನಿಗೆ ಸಂಭಾಜಿನಗರದ ಹತ್ತಿರ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದ ಮೇಲೆ ನಾಸಿಕದ ಅಂಬಡ್‌ನ ಬಾಡಿಗೆ ಖೋಲಿಯಲ್ಲಿ ನಾನೊಬ್ಬಳೇ ಉಳಿದೆ. ಇಲ್ಲಿಯ ಕಾರ್ಖಾನೆಯಲ್ಲಿ ಸ್ವಿಚ್ ಜೋಡಿಸುವ ನನ್ನ ಕೆಲಸ ಬಿಡುವ ಹಾಗಿರಲಿಲ್ಲ. ಆ ವರ್ಷ ಮೈ ಭಾರವಾಯಿತು, ಕೂದಲು ಉದುರಿತು, ಯಾವುದೂ ಮನಸ್ಸಿಗೆ ತಾಗದಂತಾಯಿತು. ವಿಜಯಪುರದಿಂದ ಅಕ್ಕ ಫೋನು ಮಾಡಿ ತನಗೆ ಮೊಮ್ಮಗ ಹುಟ್ಟಿದ ಸುದ್ದಿ ಹೇಳಿದಾಗಲೂ "ಹೌದಾ" ಅಂದೆ, ಅಷ್ಟೇ. ಒಬ್ಬಳೇ ಇದ್ದರೆ ಹೀಗೇ ಆಗುತ್ತದೆ ಅಂದುಕೊಂಡಿದ್ದೆ. ಕೂದಲು ಉದುರುವುದು ನಿಲ್ಲದೆ ದವಾಖಾನೆಗೆ ಹೋದಾಗ, ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಥೈರಾಯ್ಡ್ ಹಾರ್ಮೋನು ತೀರ ಕಡಿಮೆ ಇದೆ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗುಳಿಗೆ ಬರೆದರು.

ಮೊದಲು ಒಳ್ಳೆಯದೇ ಆಯಿತು, ಕಾಲು ಹಗುರಾದವು. ಡೋಸ್ ಹೆಚ್ಚಿಸಿದ ಮೇಲೆ ಬೇರೆಯೇ ಶುರುವಾಯಿತು. ಕುಕ್ಕರ್ ಸೀಟಿ ಹೊಡೆದರೆ ಎದೆ ಡವಡವ. ಸೂಪರ್‌ವೈಸರ್ ಹಿಂದೆ ಬಂದು ನಿಂತರೆ ಬೆರಳು ನಡುಗಿ ಸ್ಕ್ರೂ ಕೆಳಗೆ ಬೀಳುತ್ತಿತ್ತು. ಯಾವುದಕ್ಕೆ ಹೆದರಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ. ಪಕ್ಕದ ಖೋಲಿಯವಳ ಜೊತೆ ನನ್ನ ಹರಕು ಮರಾಠಿ ನೀರು, ಕರೆಂಟಿನ ಆಚೆ ಹೋಗುತ್ತಿರಲಿಲ್ಲ.

ಒಂದು ರವಿವಾರ ಹೇಳದೇ ಕೇಳದೇ ಬಸ್ಸು ಹತ್ತಿ ಗಂಡನ ಬಳಿ ಹೋದೆ. ಅವರ ಖೋಲಿಯ ತುಂಬ ಗೆಳೆಯರಿದ್ದರು. ಹೊರಗೆ ಮೆಟ್ಟಿಲ ಮೇಲೆ ಕೂತೆವು.

"ಯಾಕ, ಏನಾತು?"

"ಎದಿ ಹೊಡ್ಕೋತದ್ರಿ. ಅಂಜಿಕಿ ಬರ್ತದ."

"ಯಾರರೆ ಏನರೆ ಅಂದಾರೇನ?"

"ಅನ್ನಾಕ ಯಾರ ಅದಾರ್ರಿ ಅಲ್ಲಿ?"

ಅವರು ನನ್ನ ಕೈ ಹಿಡಿದು ನೋಡಿದರು. "ಗುಳಿಗಿ ಬಿಟ್ಟಬಿಡು" ಎಂದವರು ತಕ್ಷಣವೇ, "ಬ್ಯಾಡ ಬ್ಯಾಡ, ಡಾಕ್ಟರಿಗೆ ತೋರ್ಸೂಣು, ನಾನೂ ಬರ್ತೀನಿ" ಎಂದರು. ಅವರಿಗೆ ರಜೆ ಸಿಗಲಿಲ್ಲ. ಒಬ್ಬಳೇ ಹೋದೆ.

ಡಾಕ್ಟರಮ್ಮ ನಾಡಿ ನೋಡಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ನಿಧಾನವಾಗಿ ಹಿಂದಿಯಲ್ಲಿ ತಿಳಿಸಿದರು. ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಹರಿದು ಹೃದಯವನ್ನು ಓಡಿಸುತ್ತದೆ. ಥೈರಾಯ್ಡ್ ಹಾರ್ಮೋನು ಕಡಿಮೆ ಇದ್ದಾಗ ಹೃದಯ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ; ಗುಳಿಗೆ ಹೆಚ್ಚಾದರೆ ತುಸು ಅಡ್ರಿನಲಿನ್‌ಗೂ ಬೆಚ್ಚಿಬೀಳುತ್ತದೆ. "ನೀವು ಪುಕ್ಕಲಿಯಲ್ಲ, ಡೋಸ್ ಹೆಚ್ಚಾಗಿದೆ" ಎಂದು ಕಡಿಮೆ ಮಾಡಿದರು.

ಕೆಲವು ವಾರಗಳಲ್ಲಿ ನಡುಕ ನಿಂತಿತು, ಎದೆ ಹದಕ್ಕೆ ಬಂತು. ಹಳೆಯ ಮಂಕೂ ಮರಳಲಿಲ್ಲ. ರೋಗದ ಜೊತೆ ಒಂಟಿತನವೂ ಕಳೆಯುತ್ತದೆಂದು ನಂಬಿದ್ದೆ. ಎಲ್ಲವೂ ಮತ್ತೆ ಮನಸ್ಸಿಗೆ ತಾಗುತ್ತಿದ್ದುದರಿಂದ ಅದು ಮಾತ್ರ ಈಗ ಇನ್ನಷ್ಟು ಚುಚ್ಚತೊಡಗಿತು. ಒಂದು ಸಂಜೆ ಒಬ್ಬಳಿಗಾಗಿ ರೊಟ್ಟಿ ಬಡಿಯುತ್ತಿದ್ದಾಗ ಅಳು ಬಂತು. ಒಲೆ ಆರಿಸಿ ಗಂಡನಿಗೆ ಫೋನು ಮಾಡಿದೆ.

"ನಾ ಕೆಲ್ಸಾ ಬಿಡ್ತೀನ್ರಿ. ಅಲ್ಲೇ ಒಂದು ಖೋಲಿ ನೋಡ್ರಿ."

ಅವರು "ನೋಡ್ತೀನಿ" ಎಂದರು.

ಖೋಲಿ ಸಿಗುವಷ್ಟರಲ್ಲಿ ಮಳೆಗಾಲ ಬಂತು. ಅಲ್ಲಿಯವರೆಗೆ ರಜೆಯ ಸಂಜೆಗಳಲ್ಲಿ ಗೋದಾವರಿಯ ಘಾಟಿನ ಮೆಟ್ಟಿಲುಗಳಿಗೆ ಹೋಗಿ, ಜನರ ನಡುವೆ ಸುಮ್ಮನೆ ಕೂತು ಬರುತ್ತಿದ್ದೆ.