ಕೂಲರ್ ಇದ್ದ ಕೋಳಿಗೂಡು

ನಾಗಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾಕೆ ಮಂಡ್ಯದ ಕಡೆಯವರು. ಯಾರ ಮನೆಯಿಂದ ಹಳೆಯ ಸಾಮಾನು ಹೊರಗೆ ಬಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬರುತ್ತಿದ್ದರು. "ಎಸೀಬ್ಯಾಡಿ ಅಕ್ಕ, ನಂಗೆ ಕೊಡಿ!"

ಅವರು ನಾಗಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ, ಹಿತ್ತಿಲಿನ ತಗಡಿನ ಸ್ಕೂಟರ್ ಶೆಡ್ಡಿನಲ್ಲಿ ಬಿಟ್ಟಿದ್ದ ಅವರ ಕೋಳಿಗಳೆಲ್ಲ ಧಗೆಗೆ ಸತ್ತವು. ಅವರು ಅತ್ತರು. ಆಮೇಲೆ ಸುತ್ತಿಗೆ ಹಿಡಿದರು. ಗಂಡನ ಸ್ಕೂಟರ್ ಬೀದಿಗೆ ಬಂತು. ನಾನು ಗುಜರಿಗೆ ಹಾಕಬೇಕೆಂದಿದ್ದ ಕೂಲರ್ ಶೆಡ್ಡಿನ ಗೋಡೆಯಲ್ಲಿ ಕೂತಿತು. ಯಾರದೋ ಬಾಗಿಲು, ಯಾರದೋ ಕಿಟಕಿ ಸೇರಿಕೊಂಡವು. ಮುರಿದ ಮಂಚದ ಪಟ್ಟಿಗಳ ಮೇಲೆ ಹೊಸ ಕೋಳಿಗಳು ಕೂತವು. ಮರುವರ್ಷದ ಮೇ ತಿಂಗಳಲ್ಲಿ ನಾವು ಬೆವರುತ್ತಿದ್ದರೆ ಅವು ತಂಪಾಗಿ ತೂಕಡಿಸುತ್ತಿದ್ದವು.

ಒಂದು ದಿನ ನಾವಿಬ್ಬರೂ ಮಾತಾಡುತ್ತಿದ್ದಾಗ ಅಪರಿಚಿತರೊಬ್ಬರು ಗೇಟಿನ ಬಳಿ ನಿಂತು "ಖೋಲಿ ಆಹೇ ಕಾ?" ಎಂದರು. ಬಾಡಿಗೆಗೆ ಕೋಣೆ ಇದೆಯೇ ಎಂದು ಮರಾಠಿಯಲ್ಲಿ ಕೇಳಿದ್ದು. ಮರಾಠಿ ಬಾರದ ಈಕೆಗೆ ಕೇಳಿಸಿದ್ದು ಕೋಳಿ. "ಹೈ, ಹೈ, ಆವೋ!" ಎಂದು ಸಂಭ್ರಮದಿಂದ ಶೆಡ್ಡಿಗೇ ಕರೆದೊಯ್ದರು. ಬಂದವರು ಕಿಟಕಿ ನೋಡಿದರು, ಕೂಲರ್ ಮುಟ್ಟಿದರು, ಮೆಚ್ಚಿ ತಲೆಯಾಡಿಸಿದರು. ಬಾಗಿಲು ತೆಗೆದರೆ ಒಳಗಿನಿಂದ ಹುಂಜ ಕೂಗಿತು.

ನಾನು ನಗುತ್ತಲೇ ಈಕೆಗೆ ಖೋಲಿಯ ಅರ್ಥ ಹೇಳಿದೆ. ಅವರು ನಾಚಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ತಮ್ಮ ಗೂಡನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಮನುಷ್ರೇ ಬಾಡಿಗೆಗೆ ಕೇಳ್ತಾವ್ರೆ ಅನ್ನಿ! ಖಾಲಿ ಇಲ್ಲ ಅಂತ ಹೇಳ್ಬುಡಿ, ಅಕ್ಕ."