ಕಳ್ಳಿಹಾಲು ಬಿದ್ದ ವರ್ಷ

ಗಾದಿಗನೂರಿನ ಆಚೆ, ಗುಡ್ಡದ ಬುಡದಲ್ಲಿ, ಒಣನೆಲದ ಗಿಡಗಳ ತೋಟವೊಂದಿದೆ. ಹೂವಿನ ತೋಟ ಅಂದುಕೊಂಡು ಬಂದವರು ಗೇಟಿನಲ್ಲೇ ಮುಖ ಕಿವುಚುತ್ತಾರೆ. ಅಲ್ಲಿರುವುದು ಕಳ್ಳಿ, ಜಾಲಿ, ಬಾರಿ, ಕಮರ, ತಂಗಡಿ. ನೀರು ಕೇಳದೆ ಬದುಕುವಂಥವು. ಪಕ್ಕದಲ್ಲಿ ಒಂದು ತಗಡಿನ ಕೋಣೆ. ಅದರಲ್ಲಿ ಹಾವಿನ ಪೊರೆ, ಹಕ್ಕಿಯ ಗೂಡು, ಕರಡಿಯ ಹಿಕ್ಕೆ ಎಲ್ಲವನ್ನೂ ಗಾಜಿನ ಡಬ್ಬಿಗಳಲ್ಲಿ ಇಟ್ಟಿದ್ದಾರೆ. ಶಾಲೆಯ ಮಕ್ಕಳು ಬಂದು ನೋಡುತ್ತಾರೆ. ನಾನು ಅಲ್ಲಿಯ ಆಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳನ್ನು ಗಿಡಗಳ ಹೆಸರು ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ತೆಗೆದುಕೊಂಡರು.

ವರ್ಷದ ಕೆಲಸ ಮುಂಗಾರಿಗೆ ಶುರುವಾಗುತ್ತದೆ. ಮೊದಲ ಮಳೆ ಬಿದ್ದ ವಾರ ಮಕ್ಕಳಿಂದ ಸಸಿ ನೆಡಿಸುತ್ತಾರೆ. ಗುಂಡಿ ತೋಡುವಾಗ ಚೇಳು ಬರುತ್ತದೆ, ಹಾಗಾಗಿ ಪ್ರತಿ ಗುಂಡಿಯನ್ನೂ ನಾನೇ ಮೊದಲು ಕೋಲಿನಿಂದ ಕೆದಕಬೇಕು. ದಸರಾ ಮುಗಿದ ಮೇಲೆ ಬೀಜ ಆರಿಸುವುದಕ್ಕೆ ಹಂಪಿಯ ಬಂಡೆಗಳ ಕಡೆ ಹೋಗುತ್ತೇವೆ. ಅಲ್ಲಿ ಚಿರತೆಯ ಭಯ. ಚಳಿಗಾಲದಲ್ಲಿ ಕಂಪ್ಲಿಯ ಕಾಲುವೆಯ ಮೇಲೆ ಹಕ್ಕಿ ನೋಡುವ ನಡಿಗೆ. ಅಲ್ಲಿ ಮಕ್ಕಳು ನೀರಿಗೆ ಬೀಳುವ ಭಯ. ಬಾರಿಹಣ್ಣು ಮಾಗಿದಾಗ ಕರಡಿ ಬೇಲಿ ನುಸುಳಿ ಬರುತ್ತದೆ. ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ನಾನು ತಗಡು ಬಡಿದು, ಅದು ಹೋಗುವಷ್ಟು ಹೊತ್ತು ನಿಂತು, ಆಮೇಲೆ ಒಳಗೆ ಕಾಲಿಡುತ್ತೇನೆ. ಇಷ್ಟೆಲ್ಲ ಹೆದರಿಕೊಂಡು ಕೆಲಸ ಮಾಡಿದವಳು ನಾನು. ಕಳ್ಳಿಗೆ ಮಾತ್ರ ಹೆದರಲಿಲ್ಲ. ಹುಟ್ಟಿದಾಗಿನಿಂದ ಹೊಲದ ಬೇಲಿಯಲ್ಲಿ ನೋಡಿದ್ದೆ.

ಸಂಕ್ರಾಂತಿ ಆದ ಮೇಲಿನ ಭಾನುವಾರ ಕಳ್ಳಿಗಳ ದಿನ. ಆ ಸಲ ನನ್ನ ಮಗಳ ಮಗಳೂ ಬಂದಿದ್ದಳು. ಹತ್ತು ವರ್ಷದವಳು, ಹೇಳಿದ್ದನ್ನು ಕೇಳುವ ಜಾತಿಯಲ್ಲ. ಮಕ್ಕಳನ್ನೆಲ್ಲ ಬೊಂತೆಗಳ್ಳಿಯ ಹತ್ತಿರ ನಿಲ್ಲಿಸಿದೆ. ಅದಕ್ಕೆ ಎಲೆಯಿಲ್ಲ, ಪೆನ್ಸಿಲಿನಂಥ ಹಸಿರು ಕಡ್ಡಿಗಳೇ. ಮುರಿದರೆ ಬಿಳಿ ಹಾಲು ಸುರಿಯುತ್ತದೆ. ತೋಟ ನೋಡಿಕೊಳ್ಳುವ ಮೇಡಮ್ಮು ಮುರಿಯಬೇಡಿ, ಬಾಯಲ್ಲಿ ಹೇಳಿದರೆ ಸಾಕು ಎಂದು ಎರಡು ಸಲ ಹೇಳಿದ್ದರು. ಹಿಂದಿನ ವರ್ಷ ಮುರಿದು ತೋರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಯ ರುಚಿ ಹತ್ತಿತ್ತು ನನಗೆ.

"ಅಜ್ಜಿ, ಮುರೀ ನೋಡೂನು. ಬರೇ ಬಾಯಾಗ ಹೇಳಿದ್ರ ಯಾರ್ ನಂಬ್ತಾರ?" ಎಂದಳು ಮೊಮ್ಮಗಳು.

ಮುರಿದೆ. ಕಡ್ಡಿ ಲಟಕ್ಕೆಂದು ಸಿಡಿಯಿತು. ಹತ್ತಿರ ಬಗ್ಗಿ ನಿಂತಿದ್ದ ಅವಳ ಎಡಗಣ್ಣಿಗೆ ಹಾಲು ಹಾರಿತು. ಅವಳು ಮೊದಲು ನಕ್ಕಳು. ಎರಡು ಉಸಿರು ಆದ ಮೇಲೆ ಕಣ್ಣು ಹಿಡಿದುಕೊಂಡು ನೆಲಕ್ಕೆ ಕುಳಿತಳು.

ನಾನು ಚಿಕ್ಕವಳಿದ್ದಾಗ ನನ್ನ ಕಣ್ಣಿಗೂ ಹೀಗೇ ಆಗಿತ್ತು. ಆಗ ಪಕ್ಕದ ಹೊಲದ ಬಾಣಂತಿಯೊಬ್ಬಳು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣಿಗೆ ಎದೆಹಾಲು ಹಿಂಡಿದ್ದಳು. ಕಣ್ಣು ಉಳಿಯಿತು. ಕಳ್ಳಿಹಾಲಿಗೆ ಎದೆಹಾಲೇ ಮದ್ದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹಾಗಾಗಿ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಓಡಿದೆ. ಸಸಿಮಡಿಗಳ ಹತ್ತಿರದ ನಳ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು, ಬಕೆಟ್ ತುಂಬಿ ಹರಿಯುತ್ತಿತ್ತು. ಅದನ್ನು ದಾಟಿ ಗೇಟಿನ ಹೊರಗೆ ಹೋದೆ. ಅದಿರಿನ ಲಾರಿಗಳು ಓಡಾಡುವ ರಸ್ತೆ ದಾಟಿ, ಆಚೆಯ ಗುಡಿಸಲುಗಳಲ್ಲಿ ಮೂರು ತಿಂಗಳ ಕೂಸಿದ್ದವಳ ಬಾಗಿಲಿಗೆ ಹೋದೆ. ಅವಳು ನೀರು ತರಲು ಹೋಗಿದ್ದಳು. ಬರುವ ತನಕ ಕಾದೆ. ಹುಡುಗಿ "ಸುಡಾಕತ್ತೇತಿ ಅಜ್ಜಿ, ಸುಡಾಕತ್ತೇತಿ" ಎನ್ನುತ್ತಲೇ ಇದ್ದಳು. ಈಗ ಬರ್ತಾಳ, ಈಗ ಬರ್ತಾಳ ಎನ್ನುತ್ತಾ ಅವಳ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆ ಹೆಂಗಸು ಬಂದು ಹಾಲು ಹಿಂಡುವ ಹೊತ್ತಿಗೆ ಅರ್ಧ ತಾಸು ಆಗಿತ್ತು. ರೆಪ್ಪೆ ಬಾತು ಮುಚ್ಚಿಹೋಗಿತ್ತು. ಹಾಲು ಒಳಗೆ ಇಳಿಯಲೇ ಇಲ್ಲ, ಕೆನ್ನೆಯ ಮೇಲೆ ಹರಿಯಿತು.

ಅಷ್ಟರಲ್ಲಿ ಮೇಡಮ್ಮು ಸ್ಕೂಟರ್ ತಂದರು. "ಮೊದಲು ನೀರಾಗ ತೊಳದ್ರೇನ್ರಿ?" ಎಂದು ಕೇಳಿದರು.

"ತೊಳದೀನ್ರಿ," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ಉತ್ತರವಿದೆ. ಕೆಲಸ ಹೋಗುತ್ತದೆ ಎಂದಲ್ಲ. ಆ ಪ್ರಶ್ನೆ ಕೇಳಿದ ರೀತಿಯಲ್ಲೇ ನಾನು ಮಾಡಿದ್ದು ಎಂಥದ್ದು ಎಂದು ತಿಳಿದುಹೋಯಿತು. ಹೆದರಿದೆ. ಹೆದರಿದವರ ಬಾಯಿಗೆ ಸುಳ್ಳು ತಾನೇ ಬರುತ್ತದೆ.

ಹೊಸಪೇಟೆಯ ಕಣ್ಣಿನ ಆಸ್ಪತ್ರೆಯಲ್ಲೂ ಅದೇ ಹೇಳಿದೆ. ಡಾಕ್ಟರು ರೆಪ್ಪೆ ಬಿಡಿಸಲು ನೋಡಿದರು, ಹುಡುಗಿ ಒದೆಯತೊಡಗಿದಳು. ಕೂಡಲೇ ತೊಳೆದಿದ್ದೀರಿ, ಹಾಗಿದ್ದೂ ಇಷ್ಟು ಆಗಬಾರದಾಗಿತ್ತು, ಒಳಗೆ ಮುಳ್ಳು ಹೊಕ್ಕಿರಬೇಕು, ಬಳ್ಳಾರಿಗೆ ಕರೆದುಕೊಂಡು ಹೋಗಿ, ಅಲ್ಲಿ ಮತ್ತು ಬರುವ ಮದ್ದು ಕೊಟ್ಟು ನೋಡಬೇಕಾಗುತ್ತದೆ ಎಂದು ಚೀಟಿ ಬರೆಯತೊಡಗಿದರು. ಆಗ ನನ್ನ ಮಗಳು ಬಂದಳು, ಅಡುಗೆಯ ಒದ್ದೆ ಕೈಯಲ್ಲೇ ಆಟೋ ಹತ್ತಿದ್ದಳು. ಬಳ್ಳಾರಿ ಎಂದ ಕೂಡಲೇ ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸತೊಡಗಿದಳು.

ಚೀಟಿ ಮುಗಿಯುವ ಮುಂಚೆ ಹೇಳಿದೆ. "ಮುಳ್ಳು ಇಲ್ರಿ. ನಾನು ತೊಳೀಲಿಲ್ರಿ. ಎದೆಹಾಲು ಹುಡುಕ್ಕೊಂಡು ಹೋಗಿದ್ದೆ."

ಡಾಕ್ಟರು ನನ್ನ ಮುಖ ನೋಡಲಿಲ್ಲ. ಚೀಟಿ ಬಿಟ್ಟು ಎದ್ದರು, ನರ್ಸನ್ನು ಕೂಗಿದರು. ಹುಡುಗಿಯನ್ನು ಮಲಗಿಸಿ, ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಬಾಟಲಿಯ ಮೇಲೆ ಬಾಟಲಿ ನೀರು ಬಿಟ್ಟು ತೊಳೆದರು. ಮಗಳು ನನ್ನ ಕಡೆ ತಿರುಗಿದಳು.

"ನಳ ದಾಟಿ ಹೋದ್ಯಾ ಯವ್ವಾ?"

"ದಾಟಿ ಹೋದೆ."

"ಚೇಳಿಗೆ ಗುಂಡಿ ಕೆದಕ್ತೀ, ಕರಡಿಗೆ ತಗಡು ಬಡೀತೀ. ನನ್ನ ಮಗಳ ಕಣ್ಣಿಗೆ ಒಂದು ತಂಬಿಗಿ ನೀರು ಹಾಕಾಕ ಆಗಲಿಲ್ಲ ನಿನಗ."

ಆಗಲಿಲ್ಲ.

ಇಂಥ ಹಾಲು ಎರಡನೆಯ ದಿನ ಹೆಚ್ಚು ಕಾಡುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಮರುದಿನ ರೆಪ್ಪೆ ಸ್ವಲ್ಪ ಬಿಟ್ಟಾಗ ಅವಳ ಬಲಗಣ್ಣು ಮುಚ್ಚಿ, ಕೈ ಬೆರಳು ತೋರಿಸಿ ಎಷ್ಟು ಎಂದೆ. "ಹೊಗಿ ಕಾಣ್ತತಿ" ಎಂದಳು. ಬೆರಳೇ ಇಲ್ಲ, ಬರೀ ಹೊಗೆ. ನಾನು ಮಗಳ ಮನೆಯಲ್ಲೇ ಉಳಿದೆ. ಮಗಳು ನನ್ನನ್ನು ಇರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ತಾಸಿಗೊಮ್ಮೆ ಹನಿ ಹಾಕುವುದು ನನ್ನ ಪಾಲಿಗೆ ಬಂತು. ಪ್ರತಿ ಸಲ ಬಾಟಲಿಯ ಮೇಲಿನ ಬಣ್ಣ ನೋಡಿ, ಮತ್ತೊಮ್ಮೆ ನೋಡಿ, ಮಗಳಿಗೂ ತೋರಿಸಿ ಹಾಕುತ್ತಿದ್ದೆ. ನನ್ನ ಕೈಯನ್ನು ನಾನೇ ನಂಬುತ್ತಿರಲಿಲ್ಲ. ಊಟದ ಹೊತ್ತಿಗೆ ಹುಡುಗಿ ಒಂದೇ ಕಣ್ಣಿನ ಅಂದಾಜು ತಪ್ಪಿ ತಟ್ಟೆಯ ಆಚೆ ಕೈ ಹಾಕಿ ರೊಟ್ಟಿ ತಡಕಿದರೆ ತಟ್ಟೆಯನ್ನು ಅವಳ ಕೈಯಡಿಗೆ ಸರಿಸುತ್ತಿದ್ದೆ. ಹೆಣ್ಣುಮಗು, ಒಂದು ಕಣ್ಣು. ಮುಂದಿನದನ್ನೆಲ್ಲ ಊಹಿಸುವುದಕ್ಕೆ ಕಲಿತಿರಬೇಕೆಂದಿಲ್ಲ.

ವಾರದ ಮೇಲೆ ಹೊಗೆ ತೆಳುವಾಯಿತು. ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ಬಲಗಣ್ಣು ಮುಚ್ಚಿ, ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನ ತನಕ ಓದಿದಳು. ಡಾಕ್ಟರು ಕಪ್ಪು ಗುಡ್ಡೆಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಉಳಿದಿದೆ, ಅದು ಬೆಳೆಯದಿದ್ದರೆ ತೊಂದರೆಯಿಲ್ಲ, ವರ್ಷದ ತನಕ ತೋರಿಸುತ್ತಿರಿ ಎಂದರು. ಮಗಳು ಅಂದು ಮೊದಲ ಬಾರಿಗೆ ನನಗೂ ಒಂದು ಚಹಾ ತರಿಸಿದಳು.

ಬಸ್ಸಿನಲ್ಲಿ ಬರುವಾಗ ಹುಡುಗಿ ನನ್ನ ಪಕ್ಕ ಕುಳಿತು, ಎರಡೂ ಕಣ್ಣು ಮುಚ್ಚಿಕೊಂಡು, ಹಾಡಿನಂತೆ ಹೇಳುತ್ತಿದ್ದಳು: "ಪ, ದ, ಗ, ಲ, ನ."

"ಏನದು?" ಎಂದೆ.

"ದವಾಖಾನಿ ಬೋರ್ಡು. ನನ್ನ ಪಾಳಿ ಬರೂತನಕ ಅದನ್ನ ನೋಡ್ಕೊಂತ ಕುಂತಿರ್ತೀನಿ. ಬಾಯಿಪಾಠ ಆಗೇತಿ."

ಹಾಗಾದರೆ ಡಾಕ್ಟರಿಗೆ ಓದಿ ಹೇಳಿದ್ದೋ, ಬಾಯಿಪಾಠ ಒಪ್ಪಿಸಿದ್ದೋ? ಮುಂದಿನ ಸೀಟಿನಲ್ಲಿ ಮಗಳು ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಹುಡುಗಿಯನ್ನು ಕೇಳಿದರೆ "ಕಾಣ್ತತಿ ಬಿಡು" ಅನ್ನುತ್ತಾಳೆ. ಅವಳಿಗೆ ನನ್ನ ಮತ್ತು ಅವಳವ್ವನ ಜಗಳ ಮುಗಿದರೆ ಸಾಕಾಗಿತ್ತು.

ಮೇಡಮ್ಮಿಗೂ ಎಲ್ಲವನ್ನೂ ಹೇಳಿದೆ. ಅವರು ಕೆಲಸದಿಂದ ತೆಗೆಯಲಿಲ್ಲ. ಕಳ್ಳಿಯ ಮಡಿಯ ಪಕ್ಕಕ್ಕೇ ಒಂದು ನಳ ಎಳೆಸಿದರು. "ಇನ್ನಮ್ಯಾಲೂ ಕಳ್ಳಿ ನೀವೇ ತೋರಸ್ರಿ. ನಳಾನೂ ತೋರಸ್ರಿ," ಎಂದರು. ತೋರಿಸುತ್ತೇನೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಮಕ್ಕಳು ಒಂದು ಹೆಜ್ಜೆ ಮುಂದೆ ಬಂದರೆ ಅವರಿಗೂ ಕಳ್ಳಿಗೂ ನಡುವೆ ಹೋಗಿ ನಿಲ್ಲುತ್ತೇನೆ.

ಬೇಸಿಗೆಯಲ್ಲಿ ತೋಟಕ್ಕೆ ಮಂದಿ ಬರುವುದಿಲ್ಲ. ಹಕ್ಕಿಗಳಿಗೆ ಕುಡಿಕೆಯಲ್ಲಿ ನೀರಿಡುವುದು, ಬೀಜ ಹಸನು ಮಾಡಿ ಮುಂಗಾರಿಗೆ ಪೊಟ್ಟಣ ಕಟ್ಟುವುದು, ಇಷ್ಟೇ. ಶಾಲೆಗೆ ರಜೆ ಬಿಟ್ಟ ಮೇಲೆ ಮಗಳು ಹುಡುಗಿಯನ್ನು ಮತ್ತೆ ನನ್ನ ಜೊತೆ ಕಳಿಸಿದಳು. ಕಳಿಸುವಾಗ ನೀರಿನ ಬಾಟಲಿ ಕೊಟ್ಟು, ನನ್ನ ಮುಖ ನೋಡಿ, "ಇದು ಕುಡಿಯಾಕ ಅಷ್ಟ ಅಲ್ಲ," ಎಂದಳು.

ತಗಡಿನ ಕೋಣೆಯಲ್ಲಿ ಹುಡುಗಿಯ ಬಲಗಣ್ಣಿಗೆ ನನ್ನ ಹಳೆ ಸೀರೆಯ ಪಟ್ಟಿ ಕಟ್ಟಿದೆ. ಹುಲ್ಲಿನ ಬೀಜ ಒಂದು ಮೊರದಲ್ಲಿ ಹರವಿದೆ. ಸಾಸಿವೆಗಿಂತ ಸಣ್ಣವು, ಅದರಲ್ಲಿ ಅಷ್ಟೇ ಸಣ್ಣ ಕಲ್ಲಿನ ಹರಳು, ಅದೇ ಬಣ್ಣದವು. ಬಾಯಿಪಾಠ ಮಾಡಲು ಇಲ್ಲಿ ಏನೂ ಇಲ್ಲ.

"ಆರಿಸು," ಎಂದೆ.

"ಇದು ನನ್ನ ಕಣ್ಣು ನೋಡಾಕೋ, ನಿನ್ನ ಕೆಲಸ ಮುಗಿಸ್ಕೊಳ್ಳಾಕೋ?"

"ಎರಡಕ್ಕೂ. ಬಾಯಿ ಮುಚ್ಕೊಂಡು ಆರಿಸು."

ಮೊರಕ್ಕೆ ಮೂಗು ತಗಲುವಷ್ಟು ಬಗ್ಗಿದಳು. ಅಷ್ಟು ಬಗ್ಗಬೇಕಾಗಿತ್ತೇ? ಎರಡು ಕಣ್ಣಿದ್ದವರೂ ಇದಕ್ಕೆ ಬಗ್ಗುತ್ತಾರಲ್ಲವೇ? ನಾನು ಗೋಡೆಯ ಕಡೆ ಮುಖ ಮಾಡಿ ಪೊಟ್ಟಣ ಮಡಚುತ್ತಾ ಕುಳಿತೆ. ನೋಡಲು ಧೈರ್ಯವಾಗಲಿಲ್ಲ. ಹರಳು ತಟ್ಟೆಗೆ ಬೀಳುವ ಸದ್ದು ಒಂದೊಂದಾಗಿ ಬರುತ್ತಿತ್ತು. ಸದ್ದು ತಡವಾದಾಗಲೆಲ್ಲ ನನ್ನ ಬೆರಳು ನಿಲ್ಲುತ್ತಿತ್ತು.

ಕೊನೆಗೆ "ಆತು" ಎಂದಳು.

ಮೊರವನ್ನು ಬಾಗಿಲ ಬೆಳಕಿಗೆ ಒಯ್ದೆ. ಕಣ್ಣಿನಿಂದ ನೋಡಿ, ಆಮೇಲೆ ಬೆರಳಿನಿಂದ ಮೂಲೆ ಮೂಲೆ ತಿಕ್ಕಿ ನೋಡಿದೆ. ಮೂರು ಹರಳು ಸಿಕ್ಕವು. ನಾನು ಆರಿಸಿದ್ದರೆ ಇನ್ನೂ ಹೆಚ್ಚು ಉಳಿಯುತ್ತಿದ್ದವು.

"ಎಷ್ಟು ಬಿಟ್ಟೀನಿ?" ಎಂದಳು.

"ಮೂರು."

"ಮೂರಾ? ಹಂಗಾರ ಪಟ್ಟಿ ಬಿಚ್ಚು."

ಬಿಚ್ಚಿದೆ. ಬಾಗಿಲಿನ ಬೆಳಕಿಗೆ ಅವಳ ಗದ್ದ ಹಿಡಿದು ತಿರುಗಿಸಿ ಎಡಗಣ್ಣು ನೋಡಿದೆ. ಚುಕ್ಕೆ ಮೊನ್ನೆ ಇದ್ದಷ್ಟೇ ಇತ್ತು. ಅವಳು ಮುಖ ಕೊಸರಿಕೊಂಡು ಹೊರಗೆ ಓಡಿದಳು. ನಾನು ಇನ್ನೊಂದು ಮೊರಕ್ಕೆ ಬೀಜ ಸುರಿದಿಟ್ಟೆ. ಮುಂದಿನ ವಾರಕ್ಕೆ.