ಮುಂದಾಳುಗಳೇ ತುಂಬಿದ ಸಾಲು

ಕ್ಯಾನ್ವಾಸ್ ಬೂಟಿಗೆ ಹೊಸ ಲಾಡಿ ಪೋಣಿಸುತ್ತ ಕೂತಾಗಲೇ ನನಗೆ ಮಳೆಗಾಲ ಶುರುವಾಗುವುದು. ಆಕಾಶ ತನ್ನ ಕೆಲಸ ಆಮೇಲೆ ಮಾಡಿಕೊಳ್ಳಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಬೀದರಿನಿಂದ ಬಂದು ನಾಸಿಕದ ಶಾಲೆಯೊಂದರಲ್ಲಿ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ 'ಬಾಯಾರು', ಆಗಿದ್ದ ನಾನು, ರವಿವಾರಗಳಂದು ಹುಡುಗಿಯರನ್ನು ಬೆಟ್ಟ ಹತ್ತಿಸುತ್ತಿದ್ದೆ. ಹೀಗೆ ಮಕ್ಕಳನ್ನು ಕರೆದೊಯ್ಯುವ ನಾಸಿಕ, ಮನ್ಮಾಡ್, ಔರಂಗಾಬಾದಿನ ನಾವೊಂದಷ್ಟು ಜನ ಮಳೆಗೆ ಮುಂಚೆ ಅಂಜನೇರಿ ಬೆಟ್ಟದ ಬುಡದಲ್ಲಿ ಸೇರಿ, ಕಲಿತದ್ದನ್ನು ಮತ್ತೊಮ್ಮೆ ತಿದ್ದಿಕೊಳ್ಳುತ್ತಿದ್ದೆವು. ಸರತಿಯಂತೆ ಒಬ್ಬರು ಮುಂದಾಳು, ಉಳಿದವರೆಲ್ಲ ಆ ದಿನದ ಮಟ್ಟಿಗೆ ಮಕ್ಕಳು.

ನಗಬೇಡಿ ಗೆಳೆಯರೇ, ಮುಂದಾಳುಗಳೇ ತುಂಬಿದ ಸಾಲಿನಷ್ಟು ಅಶಿಸ್ತಿನ ಸಾಲು ಲೋಕದಲ್ಲಿ ಇನ್ನೊಂದಿಲ್ಲ. ಯಾರೂ ತಪ್ಪಿಸಿಕೊಳ್ಳಬಾರದೆಂದು ಸಾಲಿನ ಬಾಲ ಕಾಯುವುದು ನಮ್ಮ ಮೈಗಂಟಿದ ಚಟವಾದ್ದರಿಂದ ಎಲ್ಲರಿಗೂ ಕಡೆಯವರಾಗುವ ಆತುರ. "ನೀವು ನಡೀರಿ", "ಛೇ, ನೀವು ಮೊದಲು" ಎಂದು ದಾರಿ ಬಿಟ್ಟುಕೊಡುತ್ತ, ಹೊತ್ತು ನೆತ್ತಿಗೇರಿದರೂ ನಾವು ಬುಡದಲ್ಲೇ ಇರುತ್ತಿದ್ದೆವು.

ಆ ವರ್ಷ ಗುರುಪಾದಪ್ಪನವರ ಸರತಿ ಬಂತು. ಕಲಬುರ್ಗಿಯವರು, ಮನ್ಮಾಡಿನಲ್ಲಿ ರೈಲ್ವೆ ನೌಕರಿ. ನನಗೆ ಬೆಟ್ಟದ ನಡಿಗೆ ಕಲಿಸಿದವರೇ ಅವರು. ಬೇಸಿಗೆಯಲ್ಲಿ ಎದೆನೋವಿನಿಂದ ಮಲಗಿ ಎದ್ದಿದ್ದರು. ಈ ಏರು ಹತ್ತಿದರೆ ಈ ವರ್ಷವೂ ಮಕ್ಕಳು ಅವರ ಕೈಗೆ, ಇಲ್ಲವಾದರೆ ಇಲ್ಲ. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ಅರ್ಧ ದಾರಿಯಲ್ಲಿ ಅವರ ಉಸಿರಿನ ಸದ್ದು ನನಗೆ ಕೇಳತೊಡಗಿತು. ತಕ್ಷಣ ನನ್ನ ಕಾಲಿಗೆ ಇಲ್ಲದ ಮುಳ್ಳೊಂದು ಚುಚ್ಚಿತು. ಔರಂಗಾಬಾದಿನವರೊಬ್ಬರಿಗೆ ವಿಪರೀತ ಬಾಯಾರಿಕೆಯಾಯಿತು, ಮತ್ತೊಬ್ಬರು ಕಲ್ಲಿನ ಮೇಲೆ ಕೂತು ಸೊಂಟ ಹಿಡಿದುಕೊಂಡರು. ಒಂದು ಮಾತೂ ಆಡಿಕೊಳ್ಳದೆ ನಾವೆಲ್ಲ ಅವರ ಸಲುವಾಗಿ ದಣಿದಿದ್ದೆವು. ಅಯ್ಯೋ, ಎಂಥ ಪ್ರೀತಿ, ಎಂಥ ಪೆದ್ದುತನ! ಹೇಗಾದರೂ ನಿಂತು ನಿಂತು ಮೇಲೆ ಹತ್ತಿಸಿಬಿಟ್ಟರೆ ಅವರು ನಮ್ಮವರಾಗಿಯೇ ಉಳಿಯುತ್ತಾರೆ ಎಂದುಕೊಂಡಿದ್ದೆವು.

ಅವರು ತಿರುಗಿ ನಿಂತರು. "ಸಾಕು ಮಾಡ್ರಿ ನಾಟಕ. ಇಷ್ಟು ವರ್ಷ ಮಕ್ಕಳ ಉಸಿರು ಕೇಳಿ ಸಾಲು ನಿಲ್ಲಿಸೀನಿ, ನನ್ನ ಉಸಿರು ನನಗ ಕೇಳಸೂದಿಲ್ಲೇನು? ಮುಂದಾಳು ನಾ ಇದ್ದೀನಿ, ನಾ ಹೇಳ್ತೀನಿ, ಇಲ್ಲಿಂದ ಇಳಿಯೋಣು. ತಂಗಿ, ಮುಂದ ನೀ ನಡಿ" ಎಂದು ನನಗೆ ದಾರಿ ಬಿಟ್ಟರು.

ಶಿಖರ ಕಣ್ಣೆದುರಿಗೇ ಇತ್ತು. ಹಾಗೆ ಕಾಣುತ್ತಿರುವಾಗಲೇ ಜನರನ್ನು ಹಿಂದಿರುಗಿಸುವುದು ನಮ್ಮ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ. ಬಿಸಿರಕ್ತದವರಿಗೆ ಅದನ್ನು ಹೇಳಿಕೊಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆ ಪಾಠವನ್ನು ಅವರು ತಮ್ಮ ಮೇಲೆಯೇ ಮಾಡಿ ತೋರಿಸಿದರು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆಂದು ಕೇಳಬೇಡಿ.

ಮೆಲ್ಲಗೆ ಇಳಿದೆವು. ಬುಡದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ನಾವೆಲ್ಲ ರೊಟ್ಟಿಯನ್ನು ಬರಿದೇ ಚೂರು ಮಾಡುತ್ತ ಕೂತೆವು. ಅವರೊಬ್ಬರೇ ನೆಮ್ಮದಿಯಿಂದ ಉಂಡು, ಕೈ ತೊಳೆದು, "ರವಿವಾರ ನಿನ್ನ ಹುಡುಗೀರ ಸಾಲಿನಾಗ ನನಗೊಂದು ಜಾಗ ಅದ ಏನು, ತಂಗಿ?" ಎಂದರು.

ಎಲ್ಲರಿಗಿಂತ ಮೆಲ್ಲಗೆ ನಡೆಯುವವರನ್ನು ಮುಂದಾಳಿನ ಬೆನ್ನ ಹಿಂದೆಯೇ ನಿಲ್ಲಿಸಬೇಕು, ಅವರ ಹೆಜ್ಜೆಯೇ ಸಾಲಿನ ಹೆಜ್ಜೆಯಾಗಬೇಕು. ಇದೂ ಅವರೇ ಕಲಿಸಿದ್ದು. "ಅದ ರೀ. ಆದರ ನನ್ನ ಬೆನ್ನಿಗೇ ಇರಬೇಕು, ಬೀಡಿ ಮುಟ್ಟಬಾರದು, ಹೇಳಿದ ಮಾತು ಕೇಳಬೇಕು" ಎಂದು ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ.

ಗುರುಪಾದಪ್ಪನವರು ಎದ್ದು, ನನ್ನ ಶಾಲೆಯ ಮಕ್ಕಳಂತೆಯೇ ಕೈಕಟ್ಟಿ ನಿಂತು, "ಹೂಂ ರೀ, ಬಾಯಾರ" ಅಂದರು.